ಕೆನಡಾದಲ್ಲಿ ಸಿನಿಮಾ ನಿರ್ಮಾಣ: ಕಥೆಯ ಹಕ್ಕಿನಿಂದ ತೆರಿಗೆ ಮರುಪಾವತಿಯವರೆಗೆ

ಗಾಂಧಿನಗರದಲ್ಲಿ ಚಿತ್ರವೊಂದಕ್ಕೆ ಹಣ ಹೊಂದಿಸುವ ಬಗೆ ನಮ್ಮವರಿಗೆ ತಿಳಿದದ್ದೇ. ನಿರ್ಮಾಪಕರು ಕೈಯಿಂದ ಒಂದಷ್ಟು ಹಾಕುತ್ತಾರೆ, ಉಳಿದದ್ದನ್ನು ಫೈನಾನ್ಶಿಯರ್ ಬಳಿ ಬಡ್ಡಿಗೆ ತರುತ್ತಾರೆ, ಬಿಡುಗಡೆಯ ಹೊತ್ತಿಗೆ ಆಡಿಯೊ, ಸ್ಯಾಟಲೈಟ್, ಡಬ್ಬಿಂಗ್ ಹಕ್ಕುಗಳನ್ನು ಮಾರಿ ಸಾಲದ ಭಾರ ಇಳಿಸಿಕೊಳ್ಳಲು ನೋಡುತ್ತಾರೆ. ಚಿತ್ರ ಮುಗಿದ ಮೇಲೆ ಸರ್ಕಾರದ ಸಬ್ಸಿಡಿಗೆ ಅರ್ಜಿ ಹಾಕುತ್ತಾರೆ. ಆಯ್ಕೆ ಸಮಿತಿ ಚಿತ್ರ ನೋಡಿ ಒಪ್ಪಿದರೆ ಹಣ ಬರುತ್ತದೆ. ಕೆನಡಾದ ಏರ್ಪಾಡು ಬುಡದಲ್ಲೇ ಬೇರೆ. ಅಲ್ಲಿ ಸರ್ಕಾರದ ಹಣದ ದೊಡ್ಡ ಪಾಲು ಬರುವುದು ತೆರಿಗೆ ಕಾನೂನಿನ ಮೂಲಕ. ಚಿತ್ರ ಚೆನ್ನಾಗಿದೆಯೇ ಎಂದು ಯಾರೂ ಕೇಳುವುದಿಲ್ಲ. ಷರತ್ತುಗಳು ಪೂರೈಸಿದ್ದರೆ ಹಣ ನಿರ್ಮಾಪಕರ ಹಕ್ಕು, ಪೂರೈಸದಿದ್ದರೆ ಎಂಥ ದೊಡ್ಡ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂದರೂ ಒಂದು ಡಾಲರ್ ಸಹ ಸಿಗುವುದಿಲ್ಲ.

ಟೊರೊಂಟೊದಲ್ಲಿ ಸಣ್ಣ ಬಜೆಟ್ಟಿನ ಚಿತ್ರಗಳ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸದಲ್ಲಿರುವ ನನ್ನನ್ನು ಎರಡು ಬಗೆಯ ಕನ್ನಡಿಗರು ವಿಚಾರಿಸುತ್ತಾರೆ. ಒಬ್ಬರು ಬ್ರಾಂಪ್ಟನ್, ಮಿಸಿಸಾಗಾಗಳಲ್ಲಿ ನೆಲೆಸಿ ತಮ್ಮ ಮೊದಲ ಚಿತ್ರ ಮಾಡಬೇಕೆಂದಿರುವ ತರುಣರು. ಇನ್ನೊಬ್ಬರು ಚಿತ್ರದ ಒಂದು ಭಾಗವನ್ನು ಅಲ್ಲಿ ಚಿತ್ರೀಕರಿಸಬೇಕೆಂದಿರುವ ಬೆಂಗಳೂರಿನ ನಿರ್ಮಾಪಕರು. ಇಬ್ಬರೂ ಎಡವುವ ಜಾಗ ಒಂದೇ: ಕ್ಯಾಮೆರಾ ಚಾಲನೆಗೆ ಮೊದಲು ತೀರ್ಮಾನವಾಗಬೇಕಾದ ಸಂಗತಿಗಳನ್ನು ಚಿತ್ರ ಮುಗಿದ ಮೇಲೆ ವಿಚಾರಿಸುತ್ತಾರೆ. ಆದ್ದರಿಂದ ಈ ಲೇಖನವನ್ನು ಕೆಲಸಗಳು ನಡೆಯಬೇಕಾದ ಕ್ರಮದಲ್ಲೇ ಬರೆದಿದ್ದೇನೆ. ಇಲ್ಲಿನ ಮೊತ್ತಗಳೆಲ್ಲ ಕೆನಡಾದ ಡಾಲರ್‌ಗಳಲ್ಲಿವೆ.

ಮೊದಲ ಹೆಜ್ಜೆ: ಚಿತ್ರ ಯಾರದು ಎಂದು ತೀರ್ಮಾನಿಸುವುದು

1974ರಲ್ಲಿ ಕೆನಡಾ ಸರ್ಕಾರ ದೇಶದ ಚಿತ್ರಗಳಲ್ಲಿ ತೊಡಗಿಸಿದ ಬಂಡವಾಳದ ಶೇ. 100ರಷ್ಟನ್ನು ತೆರಿಗೆಯ ಆದಾಯದಿಂದ ಕಳೆದುಕೊಳ್ಳಲು ಹೂಡಿಕೆದಾರರಿಗೆ ಅವಕಾಶ ಕೊಟ್ಟಿತು. ಚಿತ್ರಗಳ ಸಂಖ್ಯೆ ಏರಿತು, ಆದರೆ ಹಣ ಹಾಕಿದವರಿಗೆ ಬೇಕಾಗಿದ್ದದ್ದು ತೆರಿಗೆಯ ಉಳಿತಾಯವೇ ಹೊರತು ಚಿತ್ರವಲ್ಲ. ಆಗ ತಯಾರಾದ ಅನೇಕ ಚಿತ್ರಗಳು ಚಿತ್ರಮಂದಿರವನ್ನೇ ಕಾಣಲಿಲ್ಲ. ಆ ಅನುಭವದ ನಂತರ, 1995ರಲ್ಲಿ, ರಿಯಾಯಿತಿಯನ್ನು ಹೂಡಿಕೆದಾರನಿಂದ ತೆಗೆದು ಚಿತ್ರ ನಿರ್ಮಿಸುವ ಕಂಪನಿಗೆ ಕೊಡಲಾಯಿತು, ಮತ್ತು ಅದನ್ನು ಸಂಬಳದ ಖರ್ಚಿಗೆ ಜೋಡಿಸಲಾಯಿತು. ಇಂದಿಗೂ ಇಡೀ ವ್ಯವಸ್ಥೆಯ ತಿರುಳು ಇದೇ: ಕೆನಡಾದವರ ಕೈಗೆ ಎಷ್ಟು ಸಂಬಳ ಸೇರಿತೋ ಅದರ ಒಂದು ಪಾಲನ್ನು ಸರ್ಕಾರ ಹಿಂತಿರುಗಿಸುತ್ತದೆ. ಕಂಪನಿ ತೆರಿಗೆ ಕಟ್ಟಬೇಕಾಗಿಲ್ಲದಿದ್ದರೂ ಈ ಮೊತ್ತ ನಗದಾಗಿ ಬರುತ್ತದೆ.

ಈ ಮರುಪಾವತಿಯ ಹೆಸರೇ ಟ್ಯಾಕ್ಸ್ ಕ್ರೆಡಿಟ್. ಕೇಂದ್ರ ಸರ್ಕಾರದ ಕ್ರೆಡಿಟ್‌ನಲ್ಲಿ ಎರಡು ದಾರಿಗಳಿವೆ. ಕೆನಡಾದ ಒಡೆತನದ ಚಿತ್ರಕ್ಕೆ ಅರ್ಹ ಸಂಬಳದ ಶೇ. 25 ಸಿಗುತ್ತದೆ. ಹೊರದೇಶದ ಚಿತ್ರಕ್ಕೆ ಕೆನಡಾದಲ್ಲಿ ಕೆಲಸ ಮಾಡಿಕೊಟ್ಟರೆ, 1997ರಲ್ಲಿ ಬಂದ ಸೇವಾ ಕ್ರೆಡಿಟ್‌ನ ಅಡಿಯಲ್ಲಿ ಅಲ್ಲಿನ ನಿವಾಸಿಗಳ ಸಂಬಳದ ಶೇ. 16 ಸಿಗುತ್ತದೆ, ಇದಕ್ಕೆ ಕಥಾಚಿತ್ರದ ವೆಚ್ಚ 10 ಲಕ್ಷ ಡಾಲರ್ ದಾಟಿರಬೇಕು. ವ್ಯಾಂಕೂವರ್ ಮತ್ತು ಟೊರೊಂಟೊಗಳಿಗೆ ಬರುವ ಹಾಲಿವುಡ್ಡಿನ ದೊಡ್ಡ ಚಿತ್ರಗಳು, ಧಾರಾವಾಹಿಗಳು ನಡೆಯುವುದು ಈ ಎರಡನೆಯ ದಾರಿಯಲ್ಲಿ. ಒಂದೇ ಚಿತ್ರಕ್ಕೆ ಎರಡನ್ನೂ ಪಡೆಯುವಂತಿಲ್ಲ. ಮೊದಲನೆಯದರಲ್ಲಿ ಹೆಚ್ಚು ಹಣ, ಹೆಚ್ಚು ಷರತ್ತು, ಮತ್ತು ಕೃತಿಸ್ವಾಮ್ಯ ನಿಮ್ಮದು. ಎರಡನೆಯದರಲ್ಲಿ ಕಡಿಮೆ ಷರತ್ತು, ಆದರೆ ಚಿತ್ರ ಮತ್ತೊಬ್ಬರದು.

ಎರಡನೆಯ ಹೆಜ್ಜೆ: ಕಥೆಯ ಹಕ್ಕು

ಬ್ಯಾಂಕು, ವಿಮಾ ಕಂಪನಿ, ವಿತರಕರು, ಸರ್ಕಾರಿ ಕಚೇರಿ ಎಲ್ಲರೂ ಮೊದಲು ಕೇಳುವುದು ಹಕ್ಕಿನ ಸರಪಳಿಯನ್ನು, ಅಂದರೆ ಮೂಲ ಲೇಖಕರಿಂದ ನಿಮ್ಮ ಕಂಪನಿಯವರೆಗೆ ಹಕ್ಕು ಕೈಬದಲಾದ ಪ್ರತಿಯೊಂದು ಪತ್ರವನ್ನು. ಚಿತ್ರಕಥೆ ನೀವೇ ಬರೆದಿದ್ದರೂ ನಿಮ್ಮಿಂದ ನಿಮ್ಮ ಕಂಪನಿಗೆ ಒಂದು ವರ್ಗಾವಣೆ ಪತ್ರ ಇರಲೇಬೇಕು.

ಕನ್ನಡ ಕಾದಂಬರಿಯನ್ನು ಆಧರಿಸಿ ಚಿತ್ರ ಮಾಡುವವರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ಭಾರತದ ಕೃತಿಸ್ವಾಮ್ಯ ಕಾಯ್ದೆಯ 19ನೆಯ ವಿಧಿಯಂತೆ, ಕರಾರಿನಲ್ಲಿ ಅವಧಿಯನ್ನು ಬರೆಯದಿದ್ದರೆ ವರ್ಗಾವಣೆ ಕೇವಲ 5 ವರ್ಷಕ್ಕೆ ಎಂದೂ, ಪ್ರದೇಶವನ್ನು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದೂ ಭಾವಿಸಲಾಗುತ್ತದೆ. ‘ಈ ಕಾದಂಬರಿಯನ್ನು ಚಲನಚಿತ್ರ ಮಾಡಲು ಇವರಿಗೆ ಅನುಮತಿ ನೀಡಿದ್ದೇನೆ’ ಎಂದು ಲೇಖಕರ ಮನೆಯವರು ವಿಶ್ವಾಸದಿಂದ ಬರೆದುಕೊಟ್ಟ ಒಂದು ಸಾಲಿನ ಪತ್ರ ಟೊರೊಂಟೊದ ಬ್ಯಾಂಕಿನ ಮುಂದೆ ನಿಲ್ಲುವುದಿಲ್ಲ. ಕೆನಡಾದ ಕ್ರೆಡಿಟ್‌ಗಾಗಿ ನಿರ್ಮಾಪಕ ಕಂಪನಿಯ ಕೈಯಲ್ಲಿ ಚಿತ್ರದ ಕೃತಿಸ್ವಾಮ್ಯ 25 ವರ್ಷ ಉಳಿಯಬೇಕಾಗುತ್ತದೆ; 5 ವರ್ಷಕ್ಕೆ ಕಳಚಿಹೋಗುವ ಕಥೆಯ ಮೇಲೆ ಅದನ್ನು ಕಟ್ಟಲಾಗದು. ಅವಧಿ, ವಿಶ್ವದಾದ್ಯಂತ ಎಂಬ ಮಾತು, ಎಲ್ಲ ಮಾಧ್ಯಮಗಳ ಹೆಸರು, ಕೊಟ್ಟ ಹಣ ಇವಿಷ್ಟೂ ಸ್ಪಷ್ಟವಾಗಿ ಬರೆದಿರಲಿ. ಭಾರತದಲ್ಲಿ ಲೇಖಕರ ನಿಧನದ ನಂತರ 60 ವರ್ಷಗಳಿಗೆ ಕೃತಿಸ್ವಾಮ್ಯ ಮುಗಿಯುತ್ತದೆ, ಕೆನಡಾದಲ್ಲಿ 2022ರ ಡಿಸೆಂಬರ್ 30ರಿಂದ ಈ ಅವಧಿ 70 ವರ್ಷ. ಆದ್ದರಿಂದ ಊರಿನಲ್ಲಿ ಹಕ್ಕು ಮುಕ್ತವಾದ ಕೃತಿ ಅಲ್ಲಿಯೂ ಮುಕ್ತವೆಂದು ವಕೀಲರನ್ನು ಕೇಳದೆ ನಂಬಬೇಡಿ.

ಮೂರನೆಯ ಹೆಜ್ಜೆ: ಚಿತ್ರಕ್ಕೊಂದು ಕಂಪನಿ

ಪ್ರತಿ ಚಿತ್ರಕ್ಕೂ ಪ್ರತ್ಯೇಕ ಕಂಪನಿ ತೆರೆಯುವುದು ಅಲ್ಲಿನ ರೂಢಿ. ಒಂದು ಚಿತ್ರದ ಸಾಲ, ದಾವೆಗಳು ಇನ್ನೊಂದಕ್ಕೆ ಅಂಟುವುದಿಲ್ಲ, ಲೆಕ್ಕವೂ ಸ್ವಚ್ಛವಾಗಿರುತ್ತದೆ. ಒಡೆತನದ ದಾರಿಯಲ್ಲಿ ಹೋಗುವವರ ಕಂಪನಿಯ ಹತೋಟಿ ಕೆನಡಾದವರ ಕೈಯಲ್ಲಿರಬೇಕು, ನಿರ್ಮಾಪಕರೂ ಕೆನಡಾದವರೇ ಆಗಿರಬೇಕು. ಇಲ್ಲಿ ಕೆನಡಾದವರು ಎಂದರೆ ಪೌರರು ಅಥವಾ ಕಾಯಂ ನಿವಾಸಿಗಳು, ಅಂದರೆ ಪಿಆರ್ ಇದ್ದವರು ಸಾಕು. ವರ್ಕ್ ಪರ್ಮಿಟ್ ಮೇಲೆ ಇರುವವರು ಈ ಲೆಕ್ಕಕ್ಕೆ ಬರುವುದಿಲ್ಲ. ಒಂಟಾರಿಯೊ ಪ್ರಾಂತ್ಯದ ಒಡೆತನದ ಕ್ರೆಡಿಟ್‌ಗೆ ನಿರ್ಮಾಪಕರು ಚಿತ್ರೀಕರಣ ಆರಂಭವಾಗುವ ಮೊದಲು ಎರಡು ವರ್ಷ ಅಲ್ಲಿಯೇ ತೆರಿಗೆ ನಿವಾಸಿಯಾಗಿರಬೇಕು.

ಕಂಪನಿಯ ಲೆಕ್ಕದ ವರ್ಷ ಯಾವಾಗ ಮುಗಿಯಬೇಕೆಂಬುದನ್ನು ಹೊಸ ಕಂಪನಿ ತಾನೇ ಆರಿಸಿಕೊಳ್ಳಬಹುದು. ಚಿತ್ರೀಕರಣ ಮುಗಿದು ಹೆಚ್ಚಿನ ಸಂಬಳಗಳು ಪಾವತಿಯಾದ ಸ್ವಲ್ಪ ಸಮಯಕ್ಕೆ ವರ್ಷ ಮುಗಿಯುವಂತೆ ಇಟ್ಟುಕೊಂಡರೆ ತೆರಿಗೆ ರಿಟರ್ನ್ ಬೇಗ ಸಲ್ಲಿಸಬಹುದು, ಕ್ರೆಡಿಟ್ ಬರುವವರೆಗೆ ತಂದ ಬ್ಯಾಂಕ್ ಸಾಲದ ಬಡ್ಡಿ ಅಷ್ಟರಮಟ್ಟಿಗೆ ಉಳಿಯುತ್ತದೆ.

ನಾಲ್ಕನೆಯ ಹೆಜ್ಜೆ: ಹತ್ತಕ್ಕೆ ಆರು ಅಂಕ

ಚಿತ್ರ ಕೆನಡಾದ್ದೇ ಎಂದು ಪ್ರಮಾಣಪತ್ರ ಕೊಡುವುದು ಅಲ್ಲಿನ ಸಂಸ್ಕೃತಿ ಇಲಾಖೆಯಾದ ಕೆನಡಿಯನ್ ಹೆರಿಟೇಜ್‌ನಲ್ಲಿರುವ, ಎಲ್ಲರೂ ಕ್ಯಾವ್ಕೊ ಎಂದು ಕರೆಯುವ ಕಚೇರಿ. ಅದರ ಅಂಕಪಟ್ಟಿಯಲ್ಲಿ ನಿರ್ದೇಶಕರಿಗೆ 2, ಚಿತ್ರಕಥೆಗಾರರಿಗೆ 2, ಮೊದಲ ಮುಖ್ಯ ಪಾತ್ರಧಾರಿಗೆ 1, ಎರಡನೆಯ ಮುಖ್ಯ ಪಾತ್ರಧಾರಿಗೆ 1, ಛಾಯಾಗ್ರಾಹಕರಿಗೆ 1, ಕಲಾ ನಿರ್ದೇಶಕರಿಗೆ 1, ಸಂಗೀತ ನಿರ್ದೇಶಕರಿಗೆ 1, ಸಂಕಲನಕಾರರಿಗೆ 1, ಹೀಗೆ ಒಟ್ಟು 10 ಅಂಕಗಳು. ಆ ಸ್ಥಾನದಲ್ಲಿ ಕೆಲಸ ಮಾಡಿದವರು ಕೆನಡಾದವರಾದರೆ ಅಂಕ ಸಿಗುತ್ತದೆ, ಇಲ್ಲದಿದ್ದರೆ ಇಲ್ಲ. ಕನಿಷ್ಠ 6 ಬೇಕು. ಜೊತೆಗೆ ನಿರ್ದೇಶಕ ಮತ್ತು ಚಿತ್ರಕಥೆಗಾರರಲ್ಲಿ ಒಬ್ಬರಾದರೂ, ಅತಿ ಹೆಚ್ಚು ಸಂಭಾವನೆ ಪಡೆಯುವ ಇಬ್ಬರು ಮುಖ್ಯ ಪಾತ್ರಧಾರಿಗಳಲ್ಲಿ ಒಬ್ಬರಾದರೂ ಕೆನಡಾದವರಾಗಿರಲೇಬೇಕು.

ಅಂಕಪಟ್ಟಿ ಕೇಳುವುದು ಕೆಲಸ ಮಾಡಿದವರು ಯಾರು ಎಂದು. ಪಾತ್ರಗಳು ಯಾವ ಭಾಷೆ ಆಡುತ್ತವೆ ಎಂದಲ್ಲ. ದೀಪಾ ಮೆಹ್ತಾ ಅವರ 2005ರ ‘ವಾಟರ್’ ಹಿಂದಿಯಲ್ಲಿದ್ದೂ ಕೆನಡಾದ ಅಧಿಕೃತ ಪ್ರವೇಶವಾಗಿ ಆಸ್ಕರ್‌ಗೆ ಹೋಗಿ, ವಿದೇಶಿ ಭಾಷೆಯ ವಿಭಾಗದಲ್ಲಿ ನಾಮನಿರ್ದೇಶನ ಪಡೆಯಿತು. ಕನ್ನಡ ಮಾತನಾಡುವ ಕೆನಡಾದ ಚಿತ್ರವೊಂದನ್ನು ಕಲ್ಪಿಸಿಕೊಳ್ಳಲು ನಾವು ಹಿಂಜರಿಯಬೇಕಾಗಿಲ್ಲ.

ಅಂಥದ್ದೊಂದನ್ನು ಕಾಗದದ ಮೇಲೆ ಲೆಕ್ಕ ಹಾಕಿ ನೋಡೋಣ. ನಿರ್ದೇಶಕಿ ಮಿಸಿಸಾಗಾದ ಕನ್ನಡತಿ, ಪಿಆರ್ ಇದೆ: 2. ಚಿತ್ರಕಥೆ ಮೈಸೂರಿನ ಲೇಖಕರದು: 0. ನಾಯಕ ನಟ ಬೆಂಗಳೂರಿನವರು: 0. ನಾಯಕಿ ಟೊರೊಂಟೊದವರು: 1. ಛಾಯಾಗ್ರಹಣ, ಕಲೆ, ಸಂಕಲನ ಮೂರೂ ಅಲ್ಲಿನವರದು: 3. ಸಂಗೀತ ಬೆಂಗಳೂರಿನದು: 0. ಒಟ್ಟು 6 ಆಯಿತು, ಪ್ರಮಾಣಪತ್ರಕ್ಕೆ ಸಾಕು. ಆದರೆ ಹೀಗೆ ಅಂಚಿನಲ್ಲಿ ನಿಂತ ಯೋಜನೆಗೆ ನಾನು ಯಾರಿಗೂ ಒಪ್ಪಿಗೆ ಹೇಳುವುದಿಲ್ಲ. ಛಾಯಾಗ್ರಾಹಕರು ಕಾಯಿಲೆ ಬಿದ್ದು, ಅವರ ಜಾಗಕ್ಕೆ ಚೆನ್ನೈನಿಂದ ಗೆಳೆಯರೊಬ್ಬರು ಬಂದರೆ ಅಂಕ 5ಕ್ಕೆ ಇಳಿಯುತ್ತದೆ, ಇಡೀ ಕ್ರೆಡಿಟ್ ಕೈತಪ್ಪುತ್ತದೆ. 7 ಅಥವಾ 8 ಅಂಕ ಇರುವಂತೆ ತಂಡ ಕಟ್ಟಿ.

ಅಂಕಗಳ ಪಕ್ಕದಲ್ಲೇ ಇನ್ನೆರಡು ಷರತ್ತುಗಳು ಕೂತಿವೆ, ಮತ್ತು ನಮ್ಮವರು ಮರೆಯುವುದು ಇವನ್ನೇ. ಕೆಲವು ಬಾಬತ್ತುಗಳನ್ನು ಬಿಟ್ಟು, ಸೇವೆಗಳ ವೆಚ್ಚದ ಶೇ. 75ರಷ್ಟು ಕೆನಡಾದವರಿಗೆ ಸಲ್ಲಬೇಕು. ಚಿತ್ರೀಕರಣೋತ್ತರ ಕೆಲಸಗಳ ವೆಚ್ಚದ ಶೇ. 75ರಷ್ಟು ಕೆನಡಾದಲ್ಲೇ ಮಾಡಿಸಿದ ಕೆಲಸಕ್ಕೆ ಆಗಿರಬೇಕು. ಡಿಐ (ದೃಶ್ಯಗಳ ಬಣ್ಣ ಹೊಂದಿಸುವ ಕೆಲಸ), ಸೌಂಡ್ ಮಿಕ್ಸಿಂಗ್, ಗ್ರಾಫಿಕ್ಸ್‌ಗಳನ್ನು ಹೈದರಾಬಾದಿನಲ್ಲಿ ಅಗ್ಗವಾಗಿ ಮುಗಿಸಿಕೊಂಡು ಬರುತ್ತೇನೆ ಎಂದು ಹೊರಟವರು, ಉಳಿಸಿದ್ದಕ್ಕಿಂತ ಎಷ್ಟೋ ಹೆಚ್ಚನ್ನು ಕಳೆದುಕೊಳ್ಳುತ್ತಾರೆ.

ಐದನೆಯ ಹೆಜ್ಜೆ: ಬಜೆಟ್ಟು, ಮತ್ತು ಹಣ ಬರುವ ಹೊತ್ತು

ಪ್ರಾಂತ್ಯಗಳು ತಮ್ಮದೇ ಕ್ರೆಡಿಟ್ ಕೊಡುತ್ತವೆ, ಮತ್ತು ಅವು ಕೇಂದ್ರದ್ದಕ್ಕಿಂತ ಉದಾರ. ಒಂಟಾರಿಯೊದಲ್ಲಿ ಒಡೆತನದ ಚಿತ್ರಕ್ಕೆ ಅಲ್ಲಿನ ಸಂಬಳದ ಶೇ. 35, ಸೇವಾ ಚಿತ್ರಕ್ಕೆ ಅರ್ಹ ವೆಚ್ಚದ ಶೇ. 21.5. ಬ್ರಿಟಿಷ್ ಕೊಲಂಬಿಯಾ 2025ರ ಜನವರಿ 1ರಿಂದ ಆರಂಭವಾದ ಚಿತ್ರೀಕರಣಗಳಿಗೆ ಒಡೆತನದ ದರವನ್ನು ಶೇ. 35ರಿಂದ 40ಕ್ಕೂ, ಸೇವಾ ದರವನ್ನು ಶೇ. 28ರಿಂದ 36ಕ್ಕೂ ಏರಿಸಿತು. ಮ್ಯಾನಿಟೋಬಾದಲ್ಲಿ ಮೂಲ ದರವೇ ಶೇ. 45. ಏರಿದ್ದು ಇಳಿಯುವುದೂ ಉಂಟು: ಸಸ್ಕ್ಯಾಚೆವಾನ್ 2012ರಲ್ಲಿ, ನೋವಾ ಸ್ಕೋಶಿಯಾ 2015ರಲ್ಲಿ ತಮ್ಮ ಸಿನಿಮಾ ಕ್ರೆಡಿಟ್‌ಗಳನ್ನು ರದ್ದುಪಡಿಸಿದಾಗ ಅಲ್ಲಿನ ತಂತ್ರಜ್ಞರು ಕೆಲಸ ಹುಡುಕಿಕೊಂಡು ಬೇರೆ ಪ್ರಾಂತ್ಯಗಳಿಗೆ ಗುಳೆ ಹೋದರು. ನಿಮ್ಮ ಚಿತ್ರೀಕರಣ ಆರಂಭವಾಗುವ ದಿನಕ್ಕೆ ಯಾವ ದರ ಅನ್ವಯಿಸುತ್ತದೆ ಎಂಬುದನ್ನು ಪ್ರಾಂತ್ಯದ ಸಂಸ್ಥೆಯಿಂದಲೇ ಕೇಳಿ ತಿಳಿಯಿರಿ; ಒಂಟಾರಿಯೊದಲ್ಲಿ ಅದು ಒಂಟಾರಿಯೊ ಕ್ರಿಯೇಟ್ಸ್, ಬ್ರಿಟಿಷ್ ಕೊಲಂಬಿಯಾದಲ್ಲಿ ಕ್ರಿಯೇಟಿವ್ ಬಿಸಿ, ಕ್ವಿಬೆಕ್‌ನಲ್ಲಿ ಸೋಡೆಕ್.

ಇನ್ನು ಲೆಕ್ಕ. ಒಂಟಾರಿಯೊದಲ್ಲಿ 10 ಲಕ್ಷ ಡಾಲರ್ ವೆಚ್ಚದ ಒಂದು ಚಿತ್ರ, ಅದರಲ್ಲಿ ಅರ್ಹ ಸಂಬಳ 5 ಲಕ್ಷ ಎನ್ನೋಣ. ಪ್ರಾಂತ್ಯದ ಕ್ರೆಡಿಟ್ ಶೇ. 35ರಂತೆ 1,75,000. ಕೇಂದ್ರದ ಕ್ರೆಡಿಟ್ ಶೇ. 25 ಅಲ್ಲವೇ, 5 ಲಕ್ಷಕ್ಕೆ 1,25,000 ಎಂದು ಬರೆದುಬಿಡುವುದು ಹೊಸಬರ ತಪ್ಪು. ಕೇಂದ್ರ ಸರ್ಕಾರ ಮೊದಲು ಚಿತ್ರದ ವೆಚ್ಚದಿಂದ ಪ್ರಾಂತ್ಯದ ನೆರವನ್ನು ಕಳೆಯುತ್ತದೆ, ಉಳಿದದ್ದು 8,25,000. ಅದರ ಶೇ. 60, ಅಂದರೆ 4,95,000, ಸಂಬಳಕ್ಕೆ ಇರುವ ಮಿತಿ. ಸಂಬಳ ಅದಕ್ಕಿಂತ ಹೆಚ್ಚಿರುವುದರಿಂದ ಮಿತಿಯ ಮೇಲೆ ಶೇ. 25 ಹಾಕಿದರೆ 1,23,750. ಎರಡೂ ಸೇರಿ 2,98,750 ಡಾಲರ್, ಬಜೆಟ್ಟಿನ ಹೆಚ್ಚುಕಡಿಮೆ ಶೇ. 30. ಇಲ್ಲಿ ವ್ಯತ್ಯಾಸ ಚಿಕ್ಕದು, ಆದರೆ ಸಂಬಳದ ಪಾಲು ಹೆಚ್ಚಿರುವ ಚಿತ್ರಗಳಲ್ಲಿ ಈ ಮಿತಿ ಹತ್ತಾರು ಸಾವಿರ ಡಾಲರ್‌ಗಳನ್ನು ನುಂಗುತ್ತದೆ.

ಉಳಿದ ಶೇ. 70 ಎಲ್ಲಿಂದ ಬರಬೇಕು? ಟೆಲಿಫಿಲ್ಮ್ ಕೆನಡಾ, 1967ರಲ್ಲಿ ಬೇರೆ ಹೆಸರಿನಲ್ಲಿ ಹುಟ್ಟಿದ ಸರ್ಕಾರಿ ಸಂಸ್ಥೆ, ಕಥಾಚಿತ್ರಗಳಲ್ಲಿ ಹಣ ತೊಡಗಿಸುತ್ತದೆ. ಮೊದಲ ಚಿತ್ರ ಮಾಡುವವರಿಗೆ ಅದರ ಟ್ಯಾಲೆಂಟ್ ಟು ವಾಚ್ ಯೋಜನೆ ಇದೆ. ಇಲ್ಲಿ ಮಾತ್ರ ಆಯ್ಕೆ ಇರುತ್ತದೆ, ಪೈಪೋಟಿಯೂ ಇರುತ್ತದೆ. ಟಿವಿ ಧಾರಾವಾಹಿಗಳಿಗೆ ಕೆನಡಾ ಮೀಡಿಯಾ ಫಂಡ್ ಇದೆ. ವಿತರಕರ ಮುಂಗಡ, ವಾಹಿನಿಗಳ ಪರವಾನಗಿ ಶುಲ್ಕ, ಖಾಸಗಿ ಹೂಡಿಕೆ, ಕೊನೆಗೆ ನಿರ್ಮಾಪಕರು ತಮ್ಮ ಸಂಭಾವನೆಯನ್ನು ಮುಂದೂಡಿದ ಭಾಗ, ಇವೆಲ್ಲ ಸೇರಿ ಬಜೆಟ್ಟು ತುಂಬಬೇಕು.

ಕ್ರೆಡಿಟ್‌ನ ಹಣ ಚಿತ್ರೀಕರಣದ ದಿನ ಇರುವುದಿಲ್ಲ ಎಂಬುದನ್ನು ಒತ್ತಿ ಹೇಳುತ್ತೇನೆ. ಲೆಕ್ಕದ ವರ್ಷ ಮುಗಿದು, ಪ್ರಮಾಣಪತ್ರ ಬಂದು, ರಿಟರ್ನ್ ಸಲ್ಲಿಸಿ, ತೆರಿಗೆ ಇಲಾಖೆ ಪರಿಶೀಲಿಸಿದ ಮೇಲೆ ಅದು ಬರುತ್ತದೆ. ಅಲ್ಲಿಯವರೆಗೆ ಲೈಟ್ ಬಾಯ್‌ಗಳಿಗೆ, ಊಟದ ಗುತ್ತಿಗೆದಾರರಿಗೆ ವಾರವಾರ ಹಣ ಕೊಡಲು, ಬರಲಿರುವ ಕ್ರೆಡಿಟ್ಟನ್ನೇ ಅಡಮಾನವಾಗಿಟ್ಟು ಸಾಲ ತರಬೇಕಾಗುತ್ತದೆ. ಇದಕ್ಕೆಂದೇ ವಿಭಾಗ ತೆರೆದಿರುವ ಬ್ಯಾಂಕುಗಳಿವೆ. ಅವು ಪೂರ್ತಿ ಮೊತ್ತ ಕೊಡುವುದಿಲ್ಲ, ಒಂದು ಪಾಲನ್ನು ಹಿಡಿದುಕೊಳ್ಳುತ್ತವೆ. ಬಡ್ಡಿ ಮತ್ತು ವಕೀಲರ ಶುಲ್ಕ ಬೇರೆ. ದೊಡ್ಡ ಚಿತ್ರವಾದರೆ ಚಿತ್ರ ಪೂರ್ಣಗೊಳ್ಳುವುದಕ್ಕೆ ಖಾತರಿ ಕೊಡುವ ಕಂಪನಿಯ ಬಾಂಡನ್ನೂ ಕೇಳುತ್ತವೆ. ಈ ಖರ್ಚುಗಳೆಲ್ಲ ಬಜೆಟ್ಟಿನ ಸಾಲುಗಳಾಗಿ ಮೊದಲೇ ಇರಬೇಕು.

ಆರನೆಯ ಹೆಜ್ಜೆ: ಸಂಘಗಳು ಮತ್ತು ಕರಾರುಗಳು

ಕಲಾವಿದರಿಗೆ ಆಕ್ಟ್ರಾ, ನಿರ್ದೇಶಕರಿಗೆ ಡೈರೆಕ್ಟರ್ಸ್ ಗಿಲ್ಡ್, ಲೇಖಕರಿಗೆ ರೈಟರ್ಸ್ ಗಿಲ್ಡ್, ತಂತ್ರಜ್ಞರಿಗೆ ಐಯಾಟ್ಸಿ ಹೀಗೆ ಸಂಘಗಳಿವೆ. ಆಕ್ಟ್ರಾ ಸದಸ್ಯರೊಬ್ಬರನ್ನು ಹಾಕಿಕೊಳ್ಳಬೇಕಾದರೆ ಕಂಪನಿ ಸಂಘದ ಒಪ್ಪಂದಕ್ಕೆ ಸಹಿ ಹಾಕಬೇಕು. ಕನಿಷ್ಠ ಸಂಭಾವನೆ, ಕೆಲಸದ ಗಂಟೆ, ಓವರ್‌ಟೈಮ್, ಚಿತ್ರದ ಮರುಬಳಕೆಗೆ ಕಲಾವಿದರಿಗೆ ಸಲ್ಲುವ ಹಣ ಎಲ್ಲವೂ ಅದರಲ್ಲಿ ಬರುತ್ತವೆ. ಸಣ್ಣ ಬಜೆಟ್ಟಿಗೆ ಕಡಿಮೆ ದರದ ಒಪ್ಪಂದಗಳೂ ಇವೆ, ಕೇಳಿದರೆ ವಿವರಿಸುತ್ತಾರೆ. ಕಾಲ್‌ಶೀಟನ್ನು ಬಾಯಿಮಾತಿನಲ್ಲಿ ಎರಡು ಗಂಟೆ ಮುಂದುವರಿಸುವ ನಮ್ಮ ಸಲುಗೆ ಅಲ್ಲಿ ನಡೆಯುವುದಿಲ್ಲ, ನಡೆಯಲೂಬಾರದು.

ಏಳನೆಯ ಹೆಜ್ಜೆ: ಚಿತ್ರೀಕರಣದ ದಿನಗಳ ಲೆಕ್ಕ

ಒಬ್ಬರ ಸಂಬಳ ಒಂಟಾರಿಯೊದ ಕ್ರೆಡಿಟ್‌ಗೆ ಸೇರಬೇಕಾದರೆ, ಚಿತ್ರೀಕರಣ ಆರಂಭವಾದ ವರ್ಷದ ಹಿಂದಿನ ಡಿಸೆಂಬರ್ 31ರಂದು ಅವರು ಆ ಪ್ರಾಂತ್ಯದ ನಿವಾಸಿಯಾಗಿರಬೇಕು. ನಾನು ಲೆಕ್ಕ ನೋಡಿದ ಒಂದು ಚಿತ್ರದಲ್ಲಿ ಹನ್ನೊಂದು ವಾರ ದುಡಿದ ಕಲಾ ನಿರ್ದೇಶಕರು ಆ ವರ್ಷದ ಫೆಬ್ರವರಿಯಲ್ಲಷ್ಟೇ ಕ್ಯಾಲ್ಗರಿಯಿಂದ ಟೊರೊಂಟೊಗೆ ಮನೆ ಬದಲಿಸಿದ್ದರು. ಅವರ ಸಂಬಳದ ಚೀಟಿ, ಬಾಡಿಗೆ ಕರಾರು, ಡ್ರೈವಿಂಗ್ ಲೈಸೆನ್ಸ್ ಎಲ್ಲವೂ ಒಂಟಾರಿಯೊದವು. ಡಿಸೆಂಬರ್ 31ರಂದು ಮಾತ್ರ ಅವರು ಆಲ್ಬರ್ಟಾದವರು. ಆ ಹನ್ನೊಂದು ವಾರದ ಸಂಬಳ ಪೂರ್ತಿ ಒಂಟಾರಿಯೊದ ಲೆಕ್ಕದಿಂದ ಹೊರಬಿತ್ತು. ಅಂದಿನಿಂದ ನಾನು ಯಾರೊಂದಿಗೇ ಕರಾರು ಆಗಲಿ, ಸಹಿಯ ದಿನವೇ ನಿವಾಸದ ದಾಖಲೆಯ ಪ್ರತಿಯನ್ನು ಪಡೆದು ಅದೇ ಕಡತಕ್ಕೆ ಹೊಲಿಯುತ್ತೇನೆ. ಚಿತ್ರ ಮುಗಿದು ತಂಡ ಚದುರಿದ ಮೇಲೆ ಈ ಕಾಗದಗಳು ಸಿಗುವುದು ಬಹಳ ಕಷ್ಟ.

ಬೆಂಗಳೂರಿನಿಂದ ಬರುವವರ ವಿಷಯದಲ್ಲಿ ಮತ್ತೊಂದು ನಿಯಮ. ಕೆನಡಾದ ನಿವಾಸಿಯಲ್ಲದ ನಟ ನಟಿಯರು ಅಲ್ಲಿ ಅಭಿನಯಿಸಿದ್ದಕ್ಕೆ ಕೊಡುವ ಸಂಭಾವನೆಯಿಂದ ಶೇ. 23ರಷ್ಟು ತೆರಿಗೆಯನ್ನು ಹಿಡಿದು ಇಲಾಖೆಗೆ ಕಟ್ಟಬೇಕು. ಗುತ್ತಿಗೆಯ ಮೇಲೆ ಬರುವ ತೆರೆಯ ಹಿಂದಿನ ತಂತ್ರಜ್ಞರು ಅಲ್ಲಿ ಮಾಡಿದ ಕೆಲಸಕ್ಕೆ ಹಿಡಿಯಬೇಕಾದದ್ದು ಶೇ. 15. ಹಿಡಿಯದೆ ಪೂರ್ತಿ ಕೊಟ್ಟರೆ ಆ ಹೊಣೆ ಹಣ ಕೊಟ್ಟ ಕಂಪನಿಯ ತಲೆಗೆ ಬರುತ್ತದೆ. ಸ್ಟಾರ್ ನಟರೊಂದಿಗೆ ಮಾತುಕತೆ ಆಡುವಾಗಲೇ, ಒಪ್ಪಿದ ಮೊತ್ತ ಈ ತೆರಿಗೆ ಸೇರಿಯೋ ಬಿಟ್ಟೋ ಎಂಬುದು ಸ್ಪಷ್ಟವಾಗಿರಲಿ.

ಎಂಟನೆಯ ಹೆಜ್ಜೆ: ವಿತರಣೆ

ಒಡೆತನದ ಕ್ರೆಡಿಟ್‌ಗೆ, ಚಿತ್ರ ಪೂರ್ಣಗೊಂಡ 2 ವರ್ಷಗಳೊಳಗೆ ಕೆನಡಾದಲ್ಲಿ ತೆರೆ ಕಾಣುತ್ತದೆ ಎಂಬ ಲಿಖಿತ ಒಪ್ಪಂದ ಕೆನಡಾದ ವಿತರಕರೊಂದಿಗೋ ವಾಹಿನಿಯೊಂದಿಗೋ ಇರಬೇಕು. ಹೊರದೇಶದ ಮಾರುಕಟ್ಟೆಗಳ ನಿವ್ವಳ ಲಾಭದಲ್ಲಿ ಕನಿಷ್ಠ ಶೇ. 25 ನಿರ್ಮಾಪಕ ಕಂಪನಿಗೆ ಉಳಿಯಬೇಕು. ಬೆಂಗಳೂರಿನ ಪಾಲುದಾರರಿಗೆ ‘ಭಾರತದ ಹಕ್ಕು ಪೂರ್ತಿ ನಿಮ್ಮದು’ ಎಂದು ಮಾತು ಕೊಡುವ ಮುನ್ನ ಈ ಸಾಲನ್ನು ಇನ್ನೊಮ್ಮೆ ಓದಿಕೊಳ್ಳಿ.

ಭಾರತದ ಕಂಪನಿ ನಿಜವಾದ ಪಾಲುದಾರನಾಗಿ ಹಣವನ್ನೂ ಕಲೆಯನ್ನೂ ಹಾಕುವುದಾದರೆ, 2014ರಲ್ಲಿ ಎರಡು ದೇಶಗಳ ನಡುವೆ ಆದ ಸಹನಿರ್ಮಾಣ ಒಪ್ಪಂದದ ದಾರಿ ಹೆಚ್ಚು ಸರಿ. ಆ ಒಪ್ಪಂದದ ಅಡಿಯಲ್ಲಿ ಒಪ್ಪಿಗೆ ಪಡೆದ ಚಿತ್ರವನ್ನು ಎರಡೂ ದೇಶಗಳು ತಮ್ಮದೆಂದೇ ಎಣಿಸುತ್ತವೆ, ಹತ್ತರ ಅಂಕಪಟ್ಟಿಯೂ ಅಡ್ಡಬರುವುದಿಲ್ಲ. ಕೆನಡಾದ ಕಡೆಯಿಂದ ಅರ್ಜಿ ಟೆಲಿಫಿಲ್ಮ್‌ಗೆ ಹೋಗುತ್ತದೆ, ಮತ್ತು ಅದು ಚಿತ್ರೀಕರಣಕ್ಕೆ ಮೊದಲೇ ಹೋಗಬೇಕು.

ಒಂಬತ್ತನೆಯ ಹೆಜ್ಜೆ: ಪ್ರಮಾಣಪತ್ರ, ರಿಟರ್ನ್, ಮರುಪಾವತಿ

ಕ್ಯಾವ್ಕೊ ಎರಡು ಹಂತಗಳಲ್ಲಿ ಪ್ರಮಾಣಪತ್ರ ಕೊಡುತ್ತದೆ. ಎ ಭಾಗವನ್ನು ಚಿತ್ರ ಮುಗಿಯುವ ಮೊದಲೇ, ಕರಾರುಗಳು ಮತ್ತು ಬಜೆಟ್ಟಿನ ಆಧಾರದ ಮೇಲೆ ಪಡೆಯಬಹುದು. ಬ್ಯಾಂಕಿಗೆ ಧೈರ್ಯ ಬರುವುದು ಇದರಿಂದ. ಚಿತ್ರ ಮುಗಿದು ಅಂತಿಮ ವೆಚ್ಚದ ಲೆಕ್ಕ ಸಿದ್ಧವಾದ ಮೇಲೆ ಬಿ ಭಾಗಕ್ಕೆ ಅರ್ಜಿ ಹಾಕಬೇಕು. ಇದಕ್ಕೆ ಕಾನೂನಿನಲ್ಲಿ ಗಡುವಿದೆ. ಅದು ದಾಟಿದರೆ ಎ ಭಾಗದ ಪ್ರಮಾಣಪತ್ರವೂ ರದ್ದಾಗಿ, ಆವರೆಗೆ ಪಡೆದ ಹಣವನ್ನು ಹಿಂತಿರುಗಿಸಬೇಕಾಗುತ್ತದೆ. ಪ್ರಾಂತ್ಯದ ಪ್ರಮಾಣಪತ್ರಕ್ಕೆ ಪ್ರತ್ಯೇಕ ಅರ್ಜಿ.

ಪ್ರಮಾಣಪತ್ರದೊಂದಿಗೆ ಕಂಪನಿಯ ಆದಾಯ ತೆರಿಗೆಯ ಟಿ2 ರಿಟರ್ನ್, ಒಡೆತನದ ಚಿತ್ರವಾದರೆ ಟಿ1131 ನಮೂನೆ, ಸೇವಾ ಚಿತ್ರವಾದರೆ ಟಿ1177 ನಮೂನೆ ಸೇರಿಸಿ ಕೆನಡಾ ರೆವೆನ್ಯೂ ಏಜೆನ್ಸಿಗೆ ಸಲ್ಲಿಸಬೇಕು. ಅಧಿಕಾರಿಗಳು ಆಡಿಟ್‌ಗೆ ಬಂದರೆ ಸಂಬಳದ ಪಟ್ಟಿ, ನಿವಾಸದ ದಾಖಲೆಗಳು, ನಿರ್ಮಾಪಕರು ತಮಗೆ ತಾವೇ ಬರೆದುಕೊಂಡ ಚೆಕ್ಕುಗಳು, ಇವನ್ನೇ ಮೊದಲು ಕೇಳುತ್ತಾರೆ. ಹಣ ಬಂದಾಗ ಅದು ನೇರ ಬ್ಯಾಂಕಿನ ಸಾಲಕ್ಕೆ ಜಮೆಯಾಗುತ್ತದೆ, ಮಿಕ್ಕದ್ದು ನಿಮ್ಮ ಕಂಪನಿಗೆ. ಆಮೇಲೂ ಕಂಪನಿಯನ್ನು ಅವಸರದಲ್ಲಿ ಮುಚ್ಚಬೇಡಿ, ಕಾಗದಗಳನ್ನು ಎಸೆಯಬೇಡಿ: ಆ ತೆರಿಗೆ ವರ್ಷ ಮುಗಿದಂದಿನಿಂದ 6 ವರ್ಷ ಎಲ್ಲ ದಾಖಲೆಗಳನ್ನು ಇಟ್ಟುಕೊಂಡಿರಬೇಕೆಂದು ಕಾನೂನು ಹೇಳುತ್ತದೆ, ಮತ್ತು ಹಕ್ಕಿನ ಸರಪಳಿಯ ಪತ್ರಗಳು ಚಿತ್ರವನ್ನು ಮುಂದೆ ಎಂದಾದರೂ ಮಾರುವ ದಿನಕ್ಕೂ ಬೇಕು.